ಮಂದಿ ಅದಾರ, ಮಾರಿ ಇಲ್ಲ

ಶನಿವಾರ ರಾತ್ರಿ ಒಂಬತ್ತು ಗಂಟೆಗೆ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಚಾಪೆ ಹಾಸುತ್ತೇನೆ. ಬಾಗಿಲು ಅರ್ಧ ಮುಚ್ಚುತ್ತೇನೆ. ಹೆಡ್‌ಸೆಟ್ ತಲೆಗೆ ಸಿಗಿಸಿಕೊಂಡು, ಬರಿಗಾಲಿನಲ್ಲಿ ಚಾಪೆಯ ಮೇಲೆ ನಿಲ್ಲುತ್ತೇನೆ. ಕಣ್ಣಿಗೆ ಕೋಣೆ ಕಾಣುವುದಿಲ್ಲವಾದ್ದರಿಂದ ಕಾಲಿಗೆ ಚಾಪೆ ತಪ್ಪಿದರೆ ಗೋಡೆ ಹತ್ತಿರ ಬಂತು ಎಂದು ಲೆಕ್ಕ. ಈ ಬುದ್ಧಿ ಬಂದದ್ದು ಎರಡು ಸಲ ಕಪಾಟಿಗೆ ಕೈ ಹೊಡೆದುಕೊಂಡ ಮೇಲೆ.

ಇನ್ನೊಂದು ಕ್ಷಣದಲ್ಲಿ ನಾನು ಕೆರೆ ದಂಡೆಯ ಒಂದು ಕಟ್ಟೆಯ ಮೇಲಿರುತ್ತೇನೆ. ಎದುರಿಗೆ ಮಂಡ್ಯ, ಬಲಕ್ಕೆ ಪುತ್ತೂರು, ಎಡಕ್ಕೆ ಬೀದರ್. ಎಂಟೆಕ್ ಹಾಸ್ಟೆಲ್ಲಿನಲ್ಲಿ ನಾವು ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯುತ್ತಿದ್ದೆವು, ಇಂದಿಗೂ ಹಾಗೆಯೇ. ಮಂಡ್ಯ ಈಗ ಡಬ್ಲಿನ್‌ನಲ್ಲಿದ್ದಾನೆ, ಅವನಿಗೆ ಅದು ಮಧ್ಯಾಹ್ನದ ಊಟ ಮುಗಿದ ಹೊತ್ತು. ಪುತ್ತೂರು ಸಿಂಗಪುರದಲ್ಲಿದ್ದಾಳೆ, ಅವಳಿಗೆ ಹನ್ನೊಂದೂವರೆ ರಾತ್ರಿ. ಬೀದರ್ ಹೈದರಾಬಾದಿನಲ್ಲಿ. ನಾನು, ಅಂದರೆ ಸೇಡಂ, ಇರುವುದು ಮಹಾರಾಷ್ಟ್ರದ ವೈಜಾಪುರದಲ್ಲಿ.

ಕೆಳಗಿನ ಮನೆಯ ಆಜಿ ಒಂದು ದಿನ ನನ್ನ ಹೆಂಡತಿಯನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರಂತೆ: ‘ತುಮಚೆ ಮಿಸ್ಟರ್ ರಾತ್ರೀ ಕುಣಾಶೀ ಬೋಲ್ತಾತ್?’ ನಿಮ್ಮ ಯಜಮಾನರು ರಾತ್ರಿ ಯಾರ ಜೊತೆ ಮಾತಾಡುತ್ತಾರೆ? ಒಬ್ಬನೇ ನಿಂತು ಕನ್ನಡದಲ್ಲಿ ನಗುವ, ಗಾಳಿಗೆ ಕೈ ಬೀಸುವ ಗಂಡಸನ್ನು ಕಿಟಕಿಯಿಂದ ಕಂಡರೆ ಯಾರಿಗಾದರೂ ಸಂಶಯ ಬರುವಂಥದ್ದೇ.

ಗೋದಾವರಿಯ ಆಚೆ ದಂಡೆ

ವೈಜಾಪುರಕ್ಕೆ ಸಾಫ್ಟ್‌ವೇರ್ ಎಂಜಿನಿಯರ್ ಯಾಕೆ ಬಂದ ಎಂದು ನೀವು ಕೇಳಬಹುದು. ಬ್ಯಾಂಕಿನ ಅಧಿಕಾರಿಯನ್ನು ಮದುವೆಯಾದವರಿಗೆ ಉತ್ತರ ಗೊತ್ತು. ಹೆಂಡತಿಗೆ 2022ರಲ್ಲಿ ಇಲ್ಲಿಗೆ ವರ್ಗವಾಯಿತು. ನನ್ನ ಕೆಲಸಕ್ಕೆ ಲ್ಯಾಪ್‌ಟಾಪ್, ಇಂಟರ್ನೆಟ್ ಇದ್ದರೆ ಸಾಕಿತ್ತು. ಹಿಂದೆ ಬಂದೆ.

ಊರು ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು ಕೇಂದ್ರ. ಪಶ್ಚಿಮಕ್ಕೆ ಸ್ವಲ್ಪ ಹೋದರೆ ನಾಸಿಕ್ ಜಿಲ್ಲೆ, ಪೈಠಣಿ ಸೀರೆಯ ಯೇವಲಾ. ರೈಲು ನಿಲ್ದಾಣದ ಹೆಸರು ವೈಜಾಪುರ ಅಲ್ಲ, ರೋಟೆಗಾಂವ್. ಮುಂಬೈ–ನಾಗಪುರ ಸಮೃದ್ಧಿ ಮಹಾಮಾರ್ಗ ಪಕ್ಕದಲ್ಲೇ ಹಾದುಹೋಗಿದೆ. 701 ಕಿ.ಮೀ. ಉದ್ದದ ಆ ರಸ್ತೆಯಲ್ಲಿ ಕಾರುಗಳು ನಮ್ಮೂರನ್ನು ನೋಡದೆಯೇ ದಾಟಿಬಿಡುತ್ತವೆ. ಉಳಿದಂತೆ ಈರುಳ್ಳಿ, ಹತ್ತಿ, ಸೋಮವಾರದಿಂದ ಶನಿವಾರದವರೆಗೆ ಬ್ಯಾಂಕು.

ಕಲಬುರಗಿ ಕಡೆಯವನಿಗೆ ಇದು ಪೂರ್ತಿ ಪರದೇಶವೂ ಅಲ್ಲ. ನಮ್ಮ ಸೇಡಂ, ಈ ವೈಜಾಪುರ ಎರಡೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸೆಪ್ಟೆಂಬರ್ 17ಕ್ಕೆ ಅಲ್ಲಿಯೂ ಧ್ವಜ ಹಾರುತ್ತದೆ, ಇಲ್ಲಿಯೂ ಹಾರುತ್ತದೆ. ಇದೇ ಜಿಲ್ಲೆಯ ವೇರುಳದ ಬೆಟ್ಟದಲ್ಲಿ, ನಾವು ಎಲ್ಲೋರ ಎನ್ನುವ ಕಡೆ, ಕೈಲಾಸ ದೇವಾಲಯವನ್ನು 8ನೇ ಶತಮಾನದಲ್ಲಿ ಕಡೆಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ. ಆ ವಂಶದವರು ಮುಂದೆ ರಾಜಧಾನಿ ಮಾಡಿಕೊಂಡ ಮಳಖೇಡ ನಮ್ಮ ಸೇಡಂ ತಾಲ್ಲೂಕಿನದ್ದು. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎನ್ನುತ್ತದೆ. ಗೋದಾವರಿ ವೈಜಾಪುರ ತಾಲ್ಲೂಕಿನ ದಕ್ಷಿಣದ ಅಂಚು. ಅಂದರೆ ನಾನಿರುವುದು ಆಚೆ ದಂಡೆಯಲ್ಲಿ. ನೃಪತುಂಗನ ಲೆಕ್ಕದಲ್ಲೂ ನಾನು ಹೊರನಾಡ ಕನ್ನಡಿಗನೇ!

ಇಷ್ಟೆಲ್ಲ ಇತಿಹಾಸ ಇದ್ದರೂ ಸಂಜೆ ಏಳಕ್ಕೆ ಕನ್ನಡದಲ್ಲಿ ಹರಟಲು ಒಬ್ಬ ಮನುಷ್ಯ ಸಿಗಲಿಲ್ಲ. ಮರಾಠಿ ಕಲಿತೆ, ಅಂಗಡಿ, ರಿಕ್ಷಾ, ಡಾಕ್ಟರಿಗೆ ಸಾಕಾಗುವಷ್ಟು. ಜಗಳಕ್ಕೂ ನಗುವಿಗೂ ಸಾಲದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಬ್ಬಕ್ಕೊಂದು ಶುಭಾಶಯ, ಹುಟ್ಟುಹಬ್ಬಕ್ಕೊಂದು ಕೇಕಿನ ಚಿತ್ರ, ಅಷ್ಟೇ ಉಳಿದಿತ್ತು. 2023ರಲ್ಲಿ ಅಮೆರಿಕದಿಂದ ಬಂದ ನೆಂಟನೊಬ್ಬ ಒಂದು ಹೆಡ್‌ಸೆಟ್ ತಂದುಕೊಟ್ಟ. ಉಳಿದ ಮೂವರೂ ಒಬ್ಬೊಬ್ಬರಾಗಿ ಹೊಂದಿಸಿಕೊಂಡರು. ಶನಿವಾರದ ಕಟ್ಟೆ ಶುರುವಾಯಿತು.

ಕಾಲಿಲ್ಲದ ಗೆಳೆಯರು

ಮೊದಲ ದಿನ ನಾವು ಬರೀ ನಕ್ಕೆವು. ನಮ್ಮ ಅವತಾರಗಳಿಗೆ ಸೊಂಟದ ಕೆಳಗೆ ಏನೂ ಇರಲಿಲ್ಲ. ದೆವ್ವಕ್ಕೆ ಪಾದ ಹಿಂದುಮುಂದು ಇರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಮಗೆ ಪಾದವೇ ಇಲ್ಲ, ನಾವು ದೆವ್ವಕ್ಕಿಂತ ಕಡೆ ಎಂದ ಮಂಡ್ಯ.

ಆದರೆ ಹತ್ತು ನಿಮಿಷದಲ್ಲಿ ಕಾಲಿನ ಮಾತು ಮರೆತುಹೋಯಿತು. ಯಾಕೆಂದರೆ ಎಡಗಡೆ ಇದ್ದ ಬೀದರ್ ಮಾತಾಡಿದರೆ ದನಿ ನಿಜಕ್ಕೂ ಎಡಗಡೆಯಿಂದಲೇ ಬರುತ್ತಿತ್ತು. ನಮ್ಮ ಮೆದುಳು ಶಬ್ದದ ದಿಕ್ಕು ಹಿಡಿಯುವುದು ಎರಡು ಕಿವಿಗೆ ಅದು ತಲುಪುವ ಅಂತರದಿಂದ. ಆ ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತಲೂ ಕಡಿಮೆ. ಸಾಫ್ಟ್‌ವೇರ್ ಅದನ್ನೇ ಲೆಕ್ಕ ಹಾಕಿ ಎರಡು ಕಿವಿಗೆ ಬೇರೆ ಬೇರೆ ದನಿ ಕೊಡುತ್ತದೆ. ವಿಡಿಯೊ ಕರೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಶಾಲೆ ಮಕ್ಕಳ ಹಾಗೆ ಸುಮ್ಮನಿರಬೇಕು. ಕಟ್ಟೆಯಲ್ಲಿ ಹಾಗಿಲ್ಲ. ಮಂಡ್ಯ, ಪುತ್ತೂರು ಅತ್ತ ಏನೋ ವಾದ ಮಾಡುತ್ತಿರುವಾಗಲೇ ನಾನು ಬೀದರಿನ ಕಡೆ ಬಾಗಿ ಪಿಸುಗುಟ್ಟಬಹುದು. ಹಾಸ್ಟೆಲ್ ಮೆಸ್ಸಿನಲ್ಲಿ ಇದ್ದದ್ದು ಇದೇ ಸುಖ.

ತಲೆ ತಿರುಗಿಸಿದರೆ ದೃಶ್ಯವೂ ತಿರುಗಬೇಕು, ಅದೂ ಸುಮಾರು 20 ಮಿಲಿಸೆಕೆಂಡಿನ ಒಳಗೆ. ತಡವಾದರೆ ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ, ಹೊಟ್ಟೆ ತೊಳಸುತ್ತದೆ. ಇವಾನ್ ಸದರ್ಲೆಂಡ್ 1968ರಲ್ಲಿ ತಲೆಗೆ ಹಾಕುವ ಇಂಥ ಮೊದಲ ಯಂತ್ರ ತೋರಿಸಿದಾಗ ಅದು ಎಷ್ಟು ಭಾರವಿತ್ತೆಂದರೆ ಚಾವಣಿಯಿಂದ ತೂಗುಹಾಕಬೇಕಿತ್ತು. ಈಗಿನದು ಅರ್ಧ ಕಿಲೋ ಆಸುಪಾಸು. ನಾವು ಬಳಸುವ ‘ಅವತಾರ’ ಎಂಬ ಮಾತೂ ಹೊಸದಲ್ಲ. 1986ರಲ್ಲಿ ಲ್ಯೂಕಾಸ್‌ಫಿಲ್ಮ್‌ನವರು ಮಾಡಿದ ‘ಹ್ಯಾಬಿಟ್ಯಾಟ್’ ಎಂಬ ಆನ್‌ಲೈನ್ ಆಟದಲ್ಲೇ ಪರದೆಯ ಮೇಲಿನ ಗೊಂಬೆಗೆ ಅದೇ ಹೆಸರಿತ್ತು. ನಮ್ಮ ಪುರಾಣದ ಶಬ್ದ ಅಮೆರಿಕ ಸುತ್ತಿ ವೈಜಾಪುರದ ಹಿಂದಿನ ಕೋಣೆಗೆ ಬಂದಿತ್ತು.

ಅಪ್ಪ ದೀಪಾವಳಿಗೆ ಬಂದಿದ್ದಾಗ ಅವರಿಗೂ ಹಾಕಿ ತೋರಿಸಿದೆ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಕೋಪರಗಾಂವ್‌ನಲ್ಲಿ ಇಳಿದು ಬಂದವರಿಗೆ ಇನ್ನೂ ರೈಲಿನ ತೂಗಾಟವೇ ಇಳಿದಿರಲಿಲ್ಲ. ಕುರ್ಚಿಯ ಮೇಲೆ ಕೂತು, ಎರಡು ಕೈಯಿಂದ ಕುರ್ಚಿ ಬಿಗಿಯಾಗಿ ಹಿಡಿದು, ಕಟ್ಟೆಯ ಮೇಲಿದ್ದ ನನ್ನ ಗೆಳೆಯರನ್ನು ಬಹಳ ಹೊತ್ತು ನೋಡಿದರು. ಎಲ್ಲರೂ ‘ನಮಸ್ಕಾರ್ರೀ ಕಾಕಾ’ ಎಂದರು. ಅಪ್ಪ ‘ನಮಸ್ಕಾರ, ನಮಸ್ಕಾರ. ಇಲ್ಲಿ ಚಹಾ ಕೊಡೂದಿಲ್ಲೇನು?’ ಎಂದು ಎಲ್ಲರನ್ನೂ ನಗಿಸಿದರು. ಹೆಡ್‌ಸೆಟ್ ತೆಗೆದ ಮೇಲೆ ಕನ್ನಡಕ ಒರೆಸಿಕೊಳ್ಳುತ್ತ ನನಗೊಬ್ಬನಿಗೇ ಹೇಳಿದರು: ‘ಛಂದ್ ಐತಿ. ಮಂದಿ ಅದಾರ, ಮಾರಿ ಇಲ್ಲ.’

ನಾನು ಅದನ್ನು ಹಳ್ಳಿಯವರ ತಮಾಷೆ ಎಂದುಕೊಂಡು, ಮುಂದಿನ ಶನಿವಾರ ಕಟ್ಟೆಯಲ್ಲಿ ಹೇಳಿ ನಗಿಸಿದೆ. ಬೀದರ್ ಎಲ್ಲರಿಗಿಂತ ಜೋರಾಗಿ ನಕ್ಕ.

ಮೂರು ಬಿಂದು, ಒಂದು ಟೈಮರ್

ಆಗ ನನಗೆ ಹೊಳೆಯಬೇಕಿತ್ತು, ಯಾಕೆಂದರೆ ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಓದಿಕೊಂಡವನು. ನಮ್ಮಂಥ ಸಾಧಾರಣ ಹೆಡ್‌ಸೆಟ್ಟಿಗೆ ನಿಮ್ಮ ದೇಹದ ಬಗ್ಗೆ ಗೊತ್ತಿರುವುದು ಮೂರೇ ಬಿಂದು: ತಲೆ ಎಲ್ಲಿದೆ, ಎಡಗೈ ಎಲ್ಲಿದೆ, ಬಲಗೈ ಎಲ್ಲಿದೆ. ಮೊಣಕೈ, ಭುಜ, ಬೆನ್ನು ಎಲ್ಲವೂ ಅದರ ಅಂದಾಜು. ತುಟಿ ಆಡುವುದು ಮೈಕಿನಲ್ಲಿ ಬಂದ ದನಿಯನ್ನು ಅಳೆದು. ಕಣ್ಣು ಮಿಟುಕುವುದು? ಅದು ಪ್ರೋಗ್ರಾಮಿನೊಳಗಿನ ಒಂದು ಟೈಮರ್. ನೀವು ಕಣ್ಣು ಮುಚ್ಚಿ ಕೂತಿದ್ದರೂ ನಿಮ್ಮ ಅವತಾರ ಗೆಳೆಯರನ್ನು ನೋಡುತ್ತ, ಲೆಕ್ಕದಂತೆ ರೆಪ್ಪೆ ಬಡಿಯುತ್ತಿರುತ್ತದೆ.

ಮುಖವನ್ನೂ ಓದುವ ಯಂತ್ರಗಳು ಬಂದಿವೆ. ಆ್ಯಪಲ್ ಕಂಪನಿ 2024ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ 3,499 ಡಾಲರಿಗೆ ಮಾರಲು ಶುರುಮಾಡಿದ ವಿಷನ್ ಪ್ರೊ ಕಣ್ಣು, ಕೆನ್ನೆ, ಬಾಯಿಯ ಚಲನೆ ಹಿಡಿದು ನಿಮ್ಮ ಮುಖದ ಪ್ರತಿಕೃತಿ ಕಟ್ಟುತ್ತದೆ. ಅದೂ ಮೊದಲ ದಿನ ಸೆರೆಹಿಡಿದ ಮುಖವೇ. ಆ ದಿನ ನೀವು ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದರೆ, ಮತ್ತೆ ಸೆರೆಹಿಡಿಯುವವರೆಗೆ ಅದೇ ನಿದ್ದೆಯಾದ ಮುಖ.

ಈ ಲೋಕದಲ್ಲಿ ದೇಹವೇ ಇಲ್ಲ ಎಂದು ಹಗುರಾಗಿ ಹೇಳುವಂತೆಯೂ ಇಲ್ಲ. 2021ರ ಡಿಸೆಂಬರಿನಲ್ಲಿ ಮೆಟಾ ಕಂಪನಿಯ ಹೊರೈಜನ್ ವರ್ಲ್ಡ್ಸ್‌ನಲ್ಲಿ, ಬೇರೊಂದು ಅವತಾರ ತನ್ನನ್ನು ಅಸಭ್ಯವಾಗಿ ಮುಟ್ಟಿತು ಎಂದು ಮಹಿಳೆಯೊಬ್ಬರು ದೂರಿದ್ದು ಸುದ್ದಿಯಾಯಿತು. ಗೊಂಬೆಯನ್ನು ಮುಟ್ಟಿದರೆ ಏನಾಯಿತು ಎಂದವರೂ ಇದ್ದರು. ಆದರೆ 2022ರ ಫೆಬ್ರುವರಿಯಲ್ಲಿ ಕಂಪನಿ ಅವತಾರಗಳ ನಡುವೆ ಸುಮಾರು ನಾಲ್ಕು ಅಡಿ ಅಂತರದ ಕಾಣದ ಬೇಲಿ ಹಾಕಿತು. ಪುತ್ತೂರು ಅಪರಿಚಿತರ ಕೋಣೆಗಳಿಗೆ ಹೋದವಳೇ ಅಲ್ಲ. ‘ನಮ್ಮ ಕಟ್ಟೆ ಸಾಕು, ಬೀಗ ಹಾಕಿಕೊಂಡೇ ಕೂರೋಣ’ ಎನ್ನುತ್ತಾಳೆ. ಮುಟ್ಟಿದ್ದು ಗೊಂಬೆಯನ್ನಾದರೂ ಹೆದರಿದ್ದು ಮನುಷ್ಯಳೇ ಎಂಬುದು ಅವಳ ವಾದ, ಅದು ಸರಿ.

ಕೃಷ್ಣಗಿರಿಯ ಆರತಕ್ಷತೆ

ನಮ್ಮ ಗಡಿಯ ಪಕ್ಕದಲ್ಲೇ ನಡೆದ ಒಂದು ಪ್ರಸಂಗ ನಿಮಗೆ ನೆನಪಿರಬಹುದು. ಕೋವಿಡ್ ನಿರ್ಬಂಧಗಳಿದ್ದ 2022ರ ಫೆಬ್ರುವರಿಯಲ್ಲಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಶಿವಲಿಂಗಪುರ ಎಂಬ ಹಳ್ಳಿಯಲ್ಲಿ ಒಂದು ಮದುವೆಯಾಯಿತು. ಹೊಸೂರು ಇರುವುದು ಇದೇ ಜಿಲ್ಲೆಯಲ್ಲಿ. ತಾಳಿ ಕಟ್ಟಿದ್ದು ಹಳ್ಳಿಯಲ್ಲಿ, ಆರತಕ್ಷತೆ ಮಾತ್ರ ಮೆಟಾವರ್ಸಿನಲ್ಲಿ. ಹ್ಯಾರಿ ಪಾಟರ್ ಕಥೆಯ ಹಾಗ್ವರ್ಟ್ಸ್ ಕೋಟೆಯಂಥ ಅರಮನೆ ಕಟ್ಟಿ, ಬೇರೆ ಬೇರೆ ಊರಿನ ಬಂಧುಮಿತ್ರರು ಅವತಾರಗಳಾಗಿ ಬಂದು ಹರಸಿದರು. ಆ ನೆಂಟರ ನಡುವೆ ಹಿಂದಿನ ವರ್ಷ ತೀರಿಕೊಂಡಿದ್ದ ವಧುವಿನ ತಂದೆಯ ಅವತಾರವೂ ನಿಂತಿತ್ತು.

ಆ ಸುದ್ದಿ ಓದಿದಾಗ ನನ್ನ ಕಣ್ಣು ತುಂಬಿತ್ತು. ಸತ್ತವರನ್ನು ಗೊಂಬೆ ಮಾಡುವುದು ಸರಿಯೇ ಎಂದು ಹೆಂಡತಿ ಕೇಳಿದಳು. ನಮ್ಮ ಮನೆಗಳಲ್ಲಿ ಮದುವೆಗೆ ಮುಂಚೆ ಹಿರಿಯರ ಫೋಟೊಕ್ಕೆ ಹಾರ ಹಾಕಿ ಕೈ ಮುಗಿಯುತ್ತೇವಲ್ಲ, ಇದು ಅದೇ ಎಂದೆ. ಈಗಲೂ ಹಾಗೆಯೇ ಅನ್ನಿಸುತ್ತದೆ. ತೀರಿಕೊಂಡವರ ಅವತಾರದಿಂದ ಯಾರೂ ಮೋಸ ಹೋಗುವುದಿಲ್ಲ. ಅದರ ಹಿಂದೆ ಯಾರೂ ಇಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ನಾನು ಮೋಸ ಹೋದದ್ದು ಬದುಕಿರುವವನ ಅವತಾರದಿಂದ.

ನಗರಸೋಲ್‌ನಲ್ಲಿ ಇಳಿದವನು

ಆ ಚಳಿಗಾಲದ ಒಂದು ಗುರುವಾರ ಬೀದರ್ ಫೋನ್ ಮಾಡಿದ. ‘ಸೇಡಂ, ಶಿರಡಿಗೆ ಬಂದೀನಿ. ಒಬ್ಬನೇ ಇದ್ದೀನಿ. ನಿನ್ನ ಮನಿಗೆ ಬರ್ಲೇನು?’ ಹೈದರಾಬಾದ್ ಕಡೆಯಿಂದ ಶಿರಡಿಗೆ ಬರುವವರು ಅನೇಕರು ನಾಸಿಕ್ ಜಿಲ್ಲೆಯ ನಗರಸೋಲ್‌ನಲ್ಲಿ ಇಳಿಯುತ್ತಾರೆ. ಅದೇ ಹಳಿಯ ಮೇಲೆ ಅದಕ್ಕೂ ಮೊದಲೇ ನಮ್ಮ ರೋಟೆಗಾಂವ್ ಸಿಗುತ್ತದೆ. ಬೆಳಿಗ್ಗೆ ನಮ್ಮೂರು ದಾಟಿಯೇ ಹೋಗಿದ್ದ, ಇಳಿದಿರಲಿಲ್ಲ. ಇಳಿಯಲೋ ಬೇಡವೋ ಎಂದು ಬಾಗಿಲ ತನಕ ಬಂದು ನಿಂತಿದ್ದನಂತೆ. ಅದು ಆಮೇಲೆ ತಿಳಿಯಿತು.

ಸಂಜೆ ಬಸ್ ನಿಲ್ದಾಣಕ್ಕೆ ಹೋದೆ. ಅವನೇ ಬಂದು ಭುಜ ಮುಟ್ಟುವವರೆಗೆ ನನಗೆ ಗುರುತು ಸಿಗಲಿಲ್ಲ. ಗಡ್ಡ ಬೆಳೆದಿತ್ತು, ಅರ್ಧ ಬೆಳ್ಳಗೆ. ಅಂಗಿ ಮೈಮೇಲೆ ಜೋತು ಬಿದ್ದಿತ್ತು. ಕಣ್ಣ ಕೆಳಗೆ ಕಪ್ಪು. ಹಿಂದಿನ ಶನಿವಾರವಷ್ಟೇ ಎರಡು ಗಂಟೆ ಅವನ ಎಡಕ್ಕೆ ಕೂತು ಹರಟಿದ್ದೆ! ಅಲ್ಲಿ ಅವನು ನೀಲಿ ಜುಬ್ಬಾ, ನುಣ್ಣನೆ ಕೆನ್ನೆ, ತುಟಿಯಂಚಿಗೆ ಸದಾ ಒಂದು ಕಿರುನಗೆ. ಅವತಾರಕ್ಕೆ ಗಡ್ಡ ಬೆಳೆಯುವುದಿಲ್ಲ.

ಹೆಂಡತಿ ಜೋಳದ ರೊಟ್ಟಿ ಬಡಿದಳು, ಪುಂಡಿಪಲ್ಯ ಇರಲಿಲ್ಲ, ಮೆಂತ್ಯ ಪಲ್ಯ ಮಾಡಿದಳು. ಅವನು ಒಂದು ರೊಟ್ಟಿ ಮುರಿದು ಮುರಿದು ಅರ್ಧ ಗಂಟೆ ತಿಂದ. ಅವಳು ನನಗೆ ಕಣ್ಣಲ್ಲೇ ಕೇಳಿದಳು. ನಾನು ಮಾಳಿಗೆಗೆ ಕರೆದುಕೊಂಡು ಹೋದೆ. ಹೋದ ಹೊತ್ತಿಗೇ ಕರೆಂಟು ಹೋಯಿತು. ದೂರದಲ್ಲಿ ಸಮೃದ್ಧಿ ರಸ್ತೆಯ ಕಡೆಯ ದೀಪಗಳು. ಬಹಳ ಹೊತ್ತು ಇಬ್ಬರೂ ಸುಮ್ಮನೆ ಕೂತೆವು. ಕಟ್ಟೆಯಲ್ಲಿ ನಾವು ಹೀಗೆ ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ. ಅಲ್ಲಿ ಸುಮ್ಮನಾದರೆ ‘ನೆಟ್ ಹೋಯ್ತಾ?’ ಎಂದು ಕೇಳುತ್ತೇವೆ.

ಅವನ ಕೆಲಸ ಹೋಗಿ ಐದು ತಿಂಗಳಾಗಿತ್ತು. ಮನೆಯಲ್ಲಿ ಎರಡು ತಿಂಗಳು ಹೇಳಿರಲಿಲ್ಲ, ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಟು ಗ್ರಂಥಾಲಯದಲ್ಲಿ ಕೂತು ಬರುತ್ತಿದ್ದ. ಮನೆ ಸಾಲದ ಕಂತು ನಿಂತಾಗ ಹೇಳಲೇಬೇಕಾಯಿತು. ಆಮೇಲೆ ನಿದ್ದೆ ಹೋಯಿತು. ರೈಲಿನ ಬಾಗಿಲಲ್ಲಿ ನಿಂತಾಗ ಏನೇನೋ ಯೋಚನೆ ಬಂದವು ಎಂದ. ಯಾವ ಯೋಚನೆ ಎಂದು ನಾನು ಕೇಳಲಿಲ್ಲ, ಅವನು ಬಿಡಿಸಿ ಹೇಳಲೂ ಇಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ‘ಐದು ತಿಂಗಳು, ಇಪ್ಪತ್ತು ಶನಿವಾರ! ಒಂದು ಸಲನಾದ್ರೂ ಹೇಳಬಾರದಿತ್ತೇನು?’ ಎಂದೆ.

ಅವನು ಹೇಳಿದ್ದು ಇಷ್ಟು: ‘ಅಲ್ಲಿ ನನ್ನ ನೌಕರಿ ಹೋಗಿರಲಿಲ್ಲ ನೋಡು. ವಾರಕ್ಕೆ ಎರಡು ತಾಸು. ಅದೂ ಕಳಕೊಂಡ್ರ ಏನು ಉಳೀತಿತ್ತು?’

ನನ್ನ ಹತ್ತಿರ ಉತ್ತರವಿರಲಿಲ್ಲ. ಕಟ್ಟೆ ಅವನ ಮುಖ ಮುಚ್ಚಿತ್ತು ಎಂದು ನಾನು ಬೈಯಲು ಹೊರಟಿದ್ದೆ. ಅವನಿಗೆ ಅದೇ ಕಟ್ಟೆ ವಾರದಲ್ಲಿ ಎರಡು ತಾಸು ಉಸಿರಾಡುವ ಜಾಗವಾಗಿತ್ತು. ಎರಡೂ ನಿಜ.

ಹತ್ತು ನಿಮಿಷದ ಮಾರಿ

ಮರುದಿನ ಅವನನ್ನು ಒಬ್ಬನೇ ಕಳಿಸಲಿಲ್ಲ. ರಜೆ ಹಾಕಿ ಜೊತೆಗೆ ಹೈದರಾಬಾದಿಗೆ ಹೋದೆ, ಅವನ ಹೆಂಡತಿಯ ಜೊತೆ ಕೂತು ಮಾತಾಡಿದೆ, ಮೂವರೂ ಮನೋವೈದ್ಯರೊಬ್ಬರ ಹತ್ತಿರ ಹೋಗಿ ಬಂದೆವು. ಮಂಡ್ಯ, ಪುತ್ತೂರು ಇಬ್ಬರಿಗೂ ಅವನೇ ಹೇಳಿದ. ನಮ್ಮ ಕೈಲಾದಷ್ಟು ಕಂತು ಕಟ್ಟಿದೆವು. ಅದರ ಲೆಕ್ಕ ಅವನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ, ಬೇಡ ಎಂದರೂ. ಈಗ ಹಿಂದಿನ ಸಂಬಳಕ್ಕಿಂತ ಬಹಳ ಕಡಿಮೆಯ ಒಂದು ಗುತ್ತಿಗೆ ಕೆಲಸ ಸಿಕ್ಕಿದೆ. ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ನಿದ್ದೆ ಬರುತ್ತಿದೆ ಎನ್ನುತ್ತಾನೆ.

ಕಟ್ಟೆ ನಿಲ್ಲಿಸಲಿಲ್ಲ. ಒಂದು ನಿಯಮ ಸೇರಿಸಿದೆವು. ಒಂಬತ್ತಕ್ಕೆ ಮೊದಲು ಹತ್ತು ನಿಮಿಷ ಫೋನಿನಲ್ಲಿ ಬರೀ ವಿಡಿಯೊ ಕರೆ. ಫಿಲ್ಟರ್ ಹಾಕುವಂತಿಲ್ಲ, ಹಿಂದಿನ ಗೋಡೆ ಮಸುಕು ಮಾಡುವಂತಿಲ್ಲ. ಫೋನಿನ ಕ್ಯಾಮೆರಾದಲ್ಲೇ ಕೆನ್ನೆ ನುಣುಪು ಮಾಡುವ, ಕಣ್ಣಿಗೆ ಹೊಳಪು ಕೊಡುವ ಆಟಗಳಿವೆಯಲ್ಲ, ಅವೂ ಆಗ್ಮೆಂಟೆಡ್ ರಿಯಾಲಿಟಿಯೇ. ನಾವು ಹೆಡ್‌ಸೆಟ್ ಕೊಳ್ಳದಿದ್ದರೂ ದಿನಾ ತೊಡುವ ಮುಖವಾಡ ಅದು. ಆ ಹತ್ತು ನಿಮಿಷ ಎಣ್ಣೆಗಟ್ಟಿದ ಮುಖ, ಮಡಿಚದ ಬಟ್ಟೆಯ ರಾಶಿ, ಅಳುವ ಮಗು ಎಲ್ಲ ಕಾಣುತ್ತವೆ. ಯಾರದಾದರೂ ಮುಖ ಬಾಡಿದ್ದರೆ ಅಂದು ಕಟ್ಟೆಗೆ ಹೋಗುವುದಿಲ್ಲ, ಕರೆಯಲ್ಲೇ ಉಳಿಯುತ್ತೇವೆ.

ಇನ್ನೊಂದು ಮಾತೂ ನೆನಪಿಡಬೇಕು: ಈ ಕಟ್ಟೆ ನಮ್ಮದಲ್ಲ, ಕಂಪನಿಯದು. 2003ರಲ್ಲಿ ಶುರುವಾದ ‘ಸೆಕೆಂಡ್ ಲೈಫ್’ ಎರಡು ದಶಕ ದಾಟಿ ಬಾಳಿದೆ, ನಿಜ. ಆದರೆ ಬಹಳ ಜನ ಸೇರುತ್ತಿದ್ದ ‘ಆಲ್ಟ್‌ಸ್ಪೇಸ್ ವಿಆರ್’ ಅನ್ನು ಮೈಕ್ರೊಸಾಫ್ಟ್ 2023ರ ಮಾರ್ಚ್ 10ರಂದು ಮುಚ್ಚಿತು. ಅಲ್ಲಿ ಕೂಡುತ್ತಿದ್ದ ಗೆಳೆಯರು ಬೇರೆ ಜಾಗ ಹುಡುಕಬೇಕಾಯಿತು. ಹಾಗಾಗಿ ಗೆಳೆಯರ ಮನೆ ವಿಳಾಸ, ಮನೆಯವರ ಫೋನ್ ನಂಬರು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ ಬೀದರಿನ ಹೆಂಡತಿಯ ನಂಬರ್ ಇರಲಿಲ್ಲ, ಇದ್ದಿದ್ದರೆ ಐದು ತಿಂಗಳು ಆಗುತ್ತಿರಲಿಲ್ಲವೇನೋ.

ಹೊಸದಾಗಿ ಪ್ರಯತ್ನಿಸುವವರಿಗೆ ಎರಡು ಮಾತು. ಮೊದಲ ವಾರ ಇಪ್ಪತ್ತು ನಿಮಿಷ ಸಾಕು, ಕೂತೇ ಬಳಸಿ, ತಲೆ ಸುತ್ತಿದರೆ ತಕ್ಷಣ ತೆಗೆಯಿರಿ. ಗೊತ್ತಿದ್ದವರ ಜೊತೆ ಬೀಗ ಹಾಕಿದ ಕೋಣೆಯಲ್ಲಿ ಶುರು ಮಾಡಿ. ಕೆಳಗಿನ ಮನೆಯವರಿಗೆ ಮುಂಚೆಯೇ ತಿಳಿಸಿ. ನಾನು ಆಜಿಗೆ ಒಂದು ದಿನ ಹಾಕಿ ತೋರಿಸಿದೆ. ಈಗ ಶನಿವಾರ ಸಂಜೆ ಮೆಟ್ಟಿಲಲ್ಲಿ ಸಿಕ್ಕರೆ ‘ಇವತ್ತು ಗೆಳೆಯರು ಬರುತ್ತಾರಲ್ಲ’ ಎಂದು ಮರಾಠಿಯಲ್ಲಿ ವಿಚಾರಿಸುತ್ತಾರೆ. ಒಂದೆರಡು ಸಲ ನಾನೇ ಕೆಳಗೆ ಹೋಗಿ ಅವರ ಜೊತೆ ಕೂತು ಬಂದಿದ್ದೇನೆ. ಇಷ್ಟು ವರ್ಷ ಅದು ನನಗೆ ಹೊಳೆದಿರಲಿಲ್ಲ.

ಬರುವ ಸಂಕ್ರಾಂತಿಗೆ ನಾಲ್ವರೂ ಊರಲ್ಲಿ ಸೇರುವುದು ಎಂದು ನಿಶ್ಚಯವಾಗಿದೆ. ಮಂಡ್ಯ ಟಿಕೆಟ್ ಮಾಡಿಸಿದ್ದಾನೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಅವತ್ತು ಕಟ್ಟೆಯಲ್ಲಿ ನೋಡಿದಿರಲ್ಲ, ಅವರೇ ಬರುತ್ತಾರೆ ಎಂದು.

‘ಬರ್ಲಿ, ಬರ್ಲಿ’ ಎಂದರು ಅಪ್ಪ. ‘ಇಲ್ಲಿ ಚಹಾ ಕೊಡ್ತೀವಿ.’